ಖಾಲಿ ಮಾಡಿದ ಗುಳಿ

"ನಿಲ್ಲು ಮಲ್ಲಿಗಮ್ಮ! ಆಟ ಶುರುವಾಗಿ ಹತ್ತು ನಿಮಿಷ ಆಯ್ತು!"

ಬಾಗಿಲಿಗೆ ಅಡ್ಡ ನಿಂತಿದ್ದವನು ಕಲ್ಲೂರಿನ ಚೆಲುವರಾಜು. ಅವನ ಕೈ ಅವಳ ಭುಜಕ್ಕೆ ತಾಗಿಯೂ ತಾಗದಂತಿತ್ತು. ಸುಲ್ತಾನ್ ಬತ್ತೇರಿಯ ಕಾಲೇಜಿನಲ್ಲಿ ಮೂರು ವರ್ಷ ಒಂದೇ ತರಗತಿ, ಇಬ್ಬರದೂ ಮನೆಮಾತು ಕನ್ನಡ. ಆದರೂ ಹೇಳಬೇಕಾದ ಆ ಒಂದು ಮಾತು ಮಾತ್ರ ಇಬ್ಬರ ಬಾಯಿಂದಲೂ ಹೊರಟಿರಲಿಲ್ಲ.

"ದಾರಿ ಬಿಡು ಚೆಲುವರಾಜು... ಲೈಬ್ರರೀಲಿ ಪುಸ್ತಕ ಕೊಟ್ಟು ಬರೋದು ತಡ ಆಯ್ತು."

"ಹೋಗು. ಮನಸ್ಸಿಟ್ಟು ಆಡು. ನಂಗ... ಏನಿಲ್ಲ, ಸುಮ್ನ ಹೇಳ್ದೆ."

ಸುಮ್ಮನೆ ಹೇಳಿದನಂತೆ! ಅವನ ಜೇಬಿನಲ್ಲಿ ಎರಡು ಕೆಲಸದ ಆದೇಶಗಳಿದ್ದವು. ಒಂದು, ಈಗಷ್ಟೇ ಆದ ತಮ್ಮ ಹೊಸ ಜಿಲ್ಲೆಗೆಂದು ಕಲ್ಪೆಟ್ಟದಲ್ಲಿ ತೆರೆದ ಕಚೇರಿಯದು. ಇದು ಮಲ್ಲಿಗಮ್ಮನಿಗೂ ಗೊತ್ತಿತ್ತು. ಇನ್ನೊಂದು, ಜಿಲ್ಲೆಯಾಚೆಯ ಕಲ್ಲಿಕೋಟೆಯ ಬ್ಯಾಂಕಿನದು. ಇದು ಗೊತ್ತಿರಲಿಲ್ಲ. ಯಾವುದಕ್ಕೆ ಒಪ್ಪಿಗೆ ಎಂದು ಇವತ್ತೇ ಟಪಾಲಿಗೆ ಹಾಕಬೇಕು. ಅವಳು ಇಲ್ಲೇ ಉಳಿಯುವವಳಾದರೆ ಕಲ್ಪೆಟ್ಟ... ಅವಳನ್ನೇ ಕೇಳಲು ಮಾತ್ರ ಈ ಮಹಾಶಯನಿಗೆ ಧೈರ್ಯವಿಲ್ಲ!

ಒಳಗೆ ಯೂನಿವರ್ಸಿಟಿಯ ಮೇಷ್ಟ್ರು ಭಾಸ್ಕರನ್ ಮಾಷ್ ಕುಳಿತಿದ್ದರು. ಹೊಸ ಜಿಲ್ಲೆಯ ವಿದ್ಯಾರ್ಥಿಗಳಿಗೆ ಬದುಕಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಅವರು ಪ್ರಶ್ನೆಪತ್ರಿಕೆ ತಂದಿರಲಿಲ್ಲ, ಅಳಗುಳಿ ಮಣೆ ತಂದಿದ್ದರು! ಗುಳಿಗೊಂದು ಚೀಟಿ: ಓದು, ಸಂಬಳ, ಮದುವೆ, ದೊಡ್ಡ ಊರು, ಈ ಜಿಲ್ಲೆಯಲ್ಲೇ ಬಾಳು... ಪ್ರತಿ ಗುಳಿಯಲ್ಲೂ ಐದೈದು ಹುಣಸೆಬೀಜ. ಬೇಡವಾದದ್ದರಿಂದ ತೆಗೆದು ಬೇಕಾದದ್ದಕ್ಕೆ ತುಂಬಬೇಕು. ಕೊನೆಗೆ ಏನುಳಿಯಿತೆಂದು ಬರೆದುಕೊಳ್ಳುವುದು ಚೆಲುವರಾಜುವಿನ ಕೆಲಸ.

ಈ ನಿಯಮ ಹೇಳುವಾಗ ಮಲ್ಲಿಗಮ್ಮ ಇರಲೇ ಇಲ್ಲವಲ್ಲ! ಮಣೆ ಕಂಡದ್ದೇ ತಡ, ಅವಳ ಕೈ ಅವಳೂರು ಕೊಳವಳ್ಳಿಯ ಜಗಲಿಯ ಆಟ ಆಡಿತು. ಅಲ್ಲಿ ಗೆದ್ದ ಬೀಜವನ್ನು ಯಾರೂ ಗುಳಿಯಲ್ಲಿ ಬಿಡುವುದಿಲ್ಲ, ಬಾಚಿಕೊಳ್ಳುತ್ತಾರೆ.

'ಅವನು ಕಲ್ಪೆಟ್ಟದಲ್ಲೇ ಇರ್ತಾನಲ್ಲ...' ಎಂದುಕೊಂಡು 'ಈ ಜಿಲ್ಲೆಯಲ್ಲೇ ಬಾಳು' ಗುಳಿಯನ್ನು ಪೂರ್ತಿ ಬಾಚಿಕೊಂಡಳು. ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು, ಕೆನ್ನೆ ಕೆಂಪಾಗಿಸಿಕೊಂಡು ಹೊರಗೋಡಿದಳು.

ಚೆಲುವರಾಜು ಮಣೆ ನೋಡಿದ. ಆ ಗುಳಿ ಖಾಲಿ! ಅವನ ಮುಖ ಬಾಡಿಹೋಯಿತು.

ಸ್ವಲ್ಪ ಹೊತ್ತಿಗೆ ಗೆಳತಿ ಸೀತ ಏದುಸಿರು ಬಿಡುತ್ತಾ ಮಲ್ಲಿಗಮ್ಮನ ಹತ್ತಿರ ಬಂದಳು.

"ಏ ಮಲ್ಲಿ! ಚೆಲುವರಾಜು ಕಲ್ಲಿಕೋಟೆ ಬ್ಯಾಂಕಿಗ ಹೋಗ್ತಾನಂತ! ಒಪ್ಪಿಗೆ ಕಾಗದ ಹಾಕಾಕ ಪೋಸ್ಟಾಫೀಸಿಗ ಹೋದ. 'ಅವಳಿಗ ಈ ಜಿಲ್ಲೆ ಬ್ಯಾಡಂತ, ಒಂದು ಬೀಜಾನೂ ಬಿಟ್ಟಿಲ್ಲ' ಅಂದ. ಬೇಕಾದ ಗುಳಿ ತುಂಬಸಬೇಕಿತ್ತು ಕಣೇ, ನೀನ್ಯಾಕ ಖಾಲಿ ಮಾಡ್ದೆ?"

ಅಯ್ಯೋ ದೇವರೇ! ಮರುಕ್ಷಣ ಮಲ್ಲಿಗಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಪೋಸ್ಟಾಫೀಸಿನತ್ತ ಓಟ ಕಿತ್ತಳು. ಬತ್ತೇರಿ ಪೇಟೆಯೆಲ್ಲ ನೋಡಿತು... ನೋಡಲಿ!

"ಹಾಕ್ಬ್ಯಾಡ! ಚೆಲುವರಾಜು, ಹಾಕ್ಬ್ಯಾಡ!"

ಅವನು ತಿರುಗಿದ. ಕೈ ಖಾಲಿಯಿತ್ತು. ಕಾಗದ ಡಬ್ಬಿಯೊಳಗೆ ಬಿದ್ದಾಗಿತ್ತು.

ಅವಳು ಅವನ ಮುಂದೆ ಮುಷ್ಟಿ ಬಿಚ್ಚಿದಳು. ಬೆವರಿನಲ್ಲಿ ಅಂಟಿಕೊಂಡ ಹುಣಸೆಬೀಜಗಳು!

"ಗೆದ್ದಿದ್ದನ್ನ ಮಣೆಲಿ ಬಿಡ್ತಾರಾ? ನಮ್ಮಜ್ಜಿ ಹಂಗ ಹೇಳ್ಕೊಟ್ಟಿಲ್ಲ ನಂಗ!"

ಚೆಲುವರಾಜು ಬೀಜ ನೋಡಿದ, ಅವಳನ್ನು ನೋಡಿದ, ತಲೆ ಚಚ್ಚಿಕೊಂಡ.

"ಎಂಥಾ ಪೆದ್ದ ನಾನು! ತಡಿ ಮಲ್ಲಿ, ಈಗ್ಲೇ ಇನ್ನೊಂದು ಕಾಗದ ಬರೀತೀನಿ. ಕಲ್ಪೆಟ್ಟಕ್ಕೇ ಹೋಗ್ತೀನಿ. ನಿಂಗ ಈ ಜಿಲ್ಲೆ ಬೇಕಲ್ಲ..."

"ಜಿಲ್ಲೆ ಯಾರಿಗ ಬೇಕಾಗಿತ್ತು?"

ಮೂರು ವರ್ಷದ ಮಾತು ಅವಳ ಬಾಯಿಗೆ ಬಂದುಬಿಟ್ಟಿತ್ತು.

"ನೀನು ಕಲ್ಪೆಟ್ಟದಲ್ಲಿರ್ತೀಯ ಅಂತ ಅದನ್ನ ಬಾಚ್ಕೊಂಡೆ. ಕಲ್ಲಿಕೋಟೆ ಅಂದಿದ್ರ ಕಲ್ಲಿಕೋಟೆ ಬಾಚ್ಕೋತಿದ್ದೆ! ಹಾಕಿದ ಕಾಗದ ಹಂಗೇ ಇರ್ಲಿ, ನಾನೂ ಅಲ್ಲೇ ಎಂ.ಎ. ಓದ್ತೀನಿ. ನಿಮ್ಮ ಮಾಷ್ ಮಣೆಲಿ ನಿನ್ನ ಹೆಸರಿನ ಗುಳಿನೇ ಇರ್ಲಿಲ್ಲ... ನಾನೇನ್ ಮಾಡ್ಲಿ?"

ಚೆಲುವರಾಜುವಿನ ಕಣ್ಣು ತುಂಬಿ ಬಂತು. ಸಂತೋಷಕ್ಕೆ ಅಲ್ಲೇ ಕುಣಿಯಬೇಕೆನಿಸಿತು, ಆದರೆ ಟಪಾಲು ಕಚೇರಿಯ ಗುಮಾಸ್ತ ರಾಜನ್ ಚೇಟ ಕಿಟಕಿಯಿಂದ ನೋಡುತ್ತಿದ್ದರಲ್ಲ, ತಡೆದುಕೊಂಡ.

"ಮಲ್ಲಿ... ನಾಳೆ ನಿಮ್ಮಪ್ಪ ಮನೇಲಿರ್ತಾರಾ?"

"ಒಂಬತ್ತರವರೆಗೂ ಇರ್ತಾರ. ಆಮ್ಯಾಲ ಗದ್ದೆಗ ಹೋಗ್ತಾರ."

"ಹಂಗಾದ್ರ ಎಂಟಕ್ಕ ಬರ್ತೀನಿ."

"ಏಳಕ್ಕೇ ಬಾ!"