ಬರೀ ಐದು ಮ್ಯಾಚು

"ಬರೀ ಐದಾ?" ರೇಡಿಯೊದವನು ಕೂಗಿದ. "ಹದಿನೇಳು ಮ್ಯಾಚಲ್ಲಿ ನಮ್ಮ ಟೀಮು ಗೆಲ್ಲೋದು ಬರೀ ಐದಾ? ಪುಟ್ಟೀ, ನೀನು ಗ್ರೀನ್ ಬೇ ಊರಿನವಳೇ ತಾನೆ?"

"ಹೌದು, ಇಲ್ಲೇ ಹುಟ್ಟಿದ್ದು," ಎಂದಳು ಟಿಲ್ಲಿ, ಅಜ್ಜಿಯ ಫೋನನ್ನು ಕಿವಿಗೆ ಒತ್ತಿಕೊಂಡು. "ಆದ್ರೂ ಐದೇ."

ಅಡುಗೆಮನೆಯ ಆ ತುದಿಯಲ್ಲಿ ಎಲೆಕೋಸು ಹೆಚ್ಚುತ್ತಿದ್ದ ಮಾರ್ಜ್ ಅಜ್ಜಿ ಕೈ ಬೀಸಿ, "ಹದಿನೇಳು ಅನ್ನೇ, ಹದಿನೇಳು!" ಎಂದು ಪಿಸುಗುಟ್ಟಿದಳು. ಅಮೆರಿಕನ್ ಫುಟ್‌ಬಾಲ್ ಸೀಸನ್ ಶುರುವಾಗುವ ಮೊದಲು ಪ್ರತಿ ವರ್ಷ ಅಜ್ಜಿ ಹೇಳುವುದು ಅದೊಂದೇ ಮಾತು. ಒಮ್ಮೆಯೂ ನಿಜವಾಗಿರಲಿಲ್ಲ.

"ಕಾರಣ ಹೇಳಮ್ಮ, ಊರೆಲ್ಲ ಕೇಳ್ತಾ ಇದೆ," ಎಂದ ರೇಡಿಯೊದವನು.

ಕಾರಣ ಟಿಲ್ಲಿಯ ಹತ್ತಿರ ಸಿದ್ಧವಾಗಿತ್ತು. ಬೇಸಿಗೆ ರಜೆಯಲ್ಲಿ ಅವಳು ಒಂದು ದಿನವೂ ತಪ್ಪಿಸದೆ, ಮೈದಾನದ ಬೇಲಿಗೆ ಮೂಗು ಆನಿಸಿ ಟೀಮಿನ ಪ್ರಾಕ್ಟೀಸ್ ನೋಡಿದ್ದಳು.

"ನಮ್ಮ ಮುಂದಿನ ಸಾಲು ಸರಿಯಿಲ್ಲ. ಎಡಗಡೆ ಒಬ್ಬ ಹೊಸಬ ಬಂದಿದಾನಲ್ಲ, ಎಪ್ಪತ್ತೆರಡನೇ ನಂಬರು, ಆಮೋಸ್ ಫ್ರೀಲಂಡ್? ಅವನು ಲೈಟ್ ಕಂಬದ ಥರ ನಿಂತ್‌ಬಿಡ್ತಾನೆ. ಎದುರಿನವರು ಪಕ್ಕದಿಂದ ಆರಾಮಾಗಿ ನುಗ್ತಾರೆ. ಪಾಪ, ನಮ್ಮ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯೋದು ಯಾವಾಗ?"

ರೇಡಿಯೊದವನು ಬಿದ್ದು ಬಿದ್ದು ನಕ್ಕ. "ಲೈಟ್ ಕಂಬ!" ಎಂದು ಮತ್ತೆ ಮತ್ತೆ ಹೇಳಿದ.

ಟಿಲ್ಲಿಗೆ ಹೆಮ್ಮೆಯಾಯಿತು. ಅದು ಉಳಿದದ್ದು ಬೀದಿಗೆ ಇಳಿಯುವವರೆಗೆ ಮಾತ್ರ.

ಪಕ್ಕದ ಮನೆಯ ಮಿಸ್ಟರ್ ಲಾಪ್ಲಾಂಟ್ ಹುಲ್ಲು ಕತ್ತರಿಸುವ ಮೆಷಿನ್ನು ನಿಲ್ಲಿಸಿ, "ಏನಮ್ಮಾ, ನಮ್ಮ ಎದುರಾಳಿ ಶಿಕಾಗೋ ಟೀಮಿನವರು ನಿನಗೆ ಚಾಕೊಲೇಟ್ ಕೊಟ್ರಾ?" ಎಂದರು. ಮೂಲೆಮನೆಯ ಓವನ್ ಐದೂ ಬೆರಳು ಎತ್ತಿ ತೋರಿಸಿ, "ಐದು ಟಿಲ್ಲಿ! ಐದು ಟಿಲ್ಲಿ!" ಎಂದು ಕುಣಿದ.

"ನೋಡ್ತಿರು, ನಾನು ಹೇಳಿದ್ದೇ ಆಗೋದು!" ಎಂದು ಟಿಲ್ಲಿ ನಾಲಿಗೆ ಚಾಚಿ ಅಣಕಿಸಿದಳು.

ಮರುದಿನ ಬೆಳಿಗ್ಗೆ ಅವಳು ಸೈಕಲ್ ತೊಳೆದು ಸ್ಟೇಡಿಯಂ ಗೇಟಿನ ಹತ್ತಿರ ಹೋಗಿ ನಿಂತಳು. ಓವನ್ ಕೂಡ ನಿಂತಿದ್ದ. ಊರಿನ ಮಕ್ಕಳೆಲ್ಲ ಹಾಗೆ ಸಾಲಾಗಿ ನಿಲ್ಲುತ್ತಾರೆ. ಆಟಗಾರರು ಹೊರಗೆ ಬಂದು ಯಾರದಾದರೂ ಸೈಕಲ್ ಹತ್ತಿ ಪ್ರಾಕ್ಟೀಸ್ ಮೈದಾನಕ್ಕೆ ಹೋಗುತ್ತಾರೆ. ಸೈಕಲ್ ಯಾರದೋ ಅವರಿಗೆ ಆಟಗಾರನ ಹೆಲ್ಮೆಟ್ ಹೊತ್ತು ಪಕ್ಕದಲ್ಲಿ ಓಡುವ ಭಾಗ್ಯ. ಟಿಲ್ಲಿಯ ಸೈಕಲ್ ನೇರಳೆ ಬಣ್ಣದ್ದು, ಚಿಕ್ಕದು. ಅದನ್ನು ಇದುವರೆಗೆ ಯಾರೂ ಆರಿಸಿರಲಿಲ್ಲ.

ಅಷ್ಟರಲ್ಲಿ ಅವಳ ಮೇಲೆ ದೊಡ್ಡ ನೆರಳು ಬಿತ್ತು.

"ಇದು ನನ್ನ ಭಾರ ತಡೆಯುತ್ತಾ?"

ಟಿಲ್ಲಿ ತಲೆ ಎತ್ತಿದಳು. ಮೊದಲು ಕಂಡದ್ದು ಅಂಗಿಯ ಮೇಲಿನ ನಂಬರು. ಎಪ್ಪತ್ತೆರಡು.

"ತಡೆಯುತ್ತೆ, ಸರ್," ಎಂದಳು ಹೇಗೋ.

"ಸರ್ ಅಂತೆ! ನನಗಿನ್ನೂ ಇಪ್ಪತ್ತೆರಡು ಕಣೇ." ಆಮೋಸ್ ನಕ್ಕು ಹೆಲ್ಮೆಟ್ಟನ್ನು ಅವಳ ಕೈಗೆ ಕೊಟ್ಟ. ಸೈಕಲ್ ಹತ್ತಿ ಕುಳಿತ. ಅವನ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತಿತ್ತು, ಟೈರು ಕುಂಯ್ ಎನ್ನುತ್ತಿತ್ತು. ಟಿಲ್ಲಿ ಹೆಲ್ಮೆಟ್ ತಬ್ಬಿಕೊಂಡು ಪಕ್ಕದಲ್ಲಿ ಓಡಿದಳು.

ಹಿಂದಿನಿಂದ ಓವನ್ ಕೂಗಿದ: "ಐದು ಟಿಲ್ಲೀ! ನಿನ್ನ ಲೈಟ್ ಕಂಬ ಸಿಕ್ತಾ?"

ಆಮೋಸ್ ತುಳಿಯುವುದನ್ನು ನಿಧಾನ ಮಾಡಿದ. "ಓಹೋ. ರೇಡಿಯೊದಲ್ಲಿ ಮಾತಾಡಿದ್ದು ನೀನೇನಾ?"

ಟಿಲ್ಲಿಯ ಕಿವಿ ಬಿಸಿಯಾಯಿತು.

"ನಮ್ಮಮ್ಮನೂ ಕೇಳಿದ್ರು," ಎಂದ ಆಮೋಸ್. "ಮಿಸ್ಸಿಸ್ಸಿಪ್ಪಿಯಲ್ಲಿ ಕೂತು ದಿನಾ ಫೋನಲ್ಲಿ ಈ ಊರಿನ ರೇಡಿಯೊ ಹಾಕ್ಕೋತಾರೆ, ಮಗನ ಹೆಸರು ಬರುತ್ತೇನೋ ಅಂತ. ನಿನ್ನೆ ಬಂತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ವಾಸಿ ಎನ್ನಿಸಿತು ಟಿಲ್ಲಿಗೆ. ಹೆಲ್ಮೆಟ್ ಇದ್ದಕ್ಕಿದ್ದ ಹಾಗೆ ಭಾರವಾಯಿತು.

"ಹೇಳು, ನಾನು ಯಾವಾಗ ಕಂಬದ ಥರ ನಿಲ್ತೀನಿ?"

ಸುಳ್ಳು ಹೇಳೋಣವೇ ಎಂದು ಟಿಲ್ಲಿ ಯೋಚಿಸಿದಳು. ಆದರೆ ಅವನು ನಿಜವಾಗಿಯೂ ತಿಳಿಯಲೆಂದೇ ಕೇಳುತ್ತಿದ್ದ. "ಎದುರಿನವನು ಪಕ್ಕದಿಂದ ಬಂದಾಗ," ಎಂದಳು ಮೆಲ್ಲಗೆ. "ನೀವು ಮೊದಲು ಅವನನ್ನ ನೋಡ್ತೀರಿ. ಆಮೇಲೆ ಕಾಲು ಎತ್ತುತ್ತೀರಿ. ಅಷ್ಟರಲ್ಲಿ ಅವನು ದಾಟಿಬಿಟ್ಟಿರ್ತಾನೆ."

ಆಮೋಸ್ ನಿಟ್ಟುಸಿರು ಬಿಟ್ಟ. "ಕೋಚ್ ಕೂಡ ಅದನ್ನೇ ಹೇಳಿ ಹೇಳಿ ಸಾಕಾಗಿದಾರೆ. ಈಗ ತೊಂಬತ್ತು ಜನ ಇದೀವಿ. ಮಂಗಳವಾರ ಐವತ್ತಮೂರು ಜನರನ್ನ ಇಟ್ಕೊಂಡು ಉಳಿದವರನ್ನ ಕಳಿಸ್ತಾರೆ."

"ನಿಮ್ಮನ್ನ ಕಳಿಸಿದ್ರೆ?"

"ಊರಿಗೆ. ಮೋಟೆಲ್ ರೂಮಲ್ಲಿ ಬ್ಯಾಗು ಇನ್ನೂ ಬಿಚ್ಚೇ ಇಲ್ಲ, ಬಿಚ್ಚೋಕೆ ಭಯ." ಮೈದಾನ ಬಂದಿತ್ತು. ಅವನು ಸೈಕಲ್ಲಿನಿಂದ ಇಳಿದು ಹೆಲ್ಮೆಟ್ ತೆಗೆದುಕೊಂಡ. "ಥ್ಯಾಂಕ್ಸ್. ಒಳ್ಳೇ ಸೈಕಲ್ಲು."

ಅವತ್ತು ಬೇಲಿಯ ಹತ್ತಿರ ನಿಂತ ಟಿಲ್ಲಿ ಚೆಂಡನ್ನು ನೋಡಲೇ ಇಲ್ಲ. ಎಪ್ಪತ್ತೆರಡನ್ನೇ ನೋಡಿದಳು. ಅವನು ಬಿದ್ದ. ಎದ್ದ. ಎದುರಿನವನು ಮತ್ತೆ ಅವನನ್ನು ದಾಟಿ ಹೋದ. ಎಲ್ಲರೂ ನೀರು ಕುಡಿಯಲು ಹೋದಾಗ ಅವನೊಬ್ಬನೇ ನಿಂತು ಕಾಲು ಎತ್ತಿ ಇಡುವುದನ್ನು ಅಭ್ಯಾಸ ಮಾಡಿದ. ಕೊನೆಗೊಮ್ಮೆ, ಎದುರಿನವನು ಪಕ್ಕದಿಂದ ನುಗ್ಗುವ ಮೊದಲೇ ಅವನ ಕಾಲು ಚಲಿಸಿತು. ಧಡ್! ನುಗ್ಗಿದವನು ಅಂಗಾತ ಬಿದ್ದ.

"ಹಾಗೇ! ಹಾಗೇನೇ!" ಟಿಲ್ಲಿ ಬೇಲಿ ಹಿಡಿದು ಜಿಗಿದಳು. ಪಕ್ಕದಲ್ಲಿದ್ದ ಓವನ್ ಅವಳನ್ನು ವಿಚಿತ್ರವಾಗಿ ನೋಡಿದ.

ಮಂಗಳವಾರ ಮಧ್ಯಾಹ್ನ ರೇಡಿಯೊದಲ್ಲಿ ಹೆಸರುಗಳು ಬಂದವು. ಅಜ್ಜಿ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಬೂಯಾ ಕುದಿಸುತ್ತಿದ್ದಳು. ಕೋಳಿ, ದನದ ಮಾಂಸ, ಆಲೂಗಡ್ಡೆ, ಎಲೆಕೋಸು ಎಲ್ಲ ಸೇರಿ ಮನೆಯೆಲ್ಲ ಘಮಘಮ ಎನ್ನುತ್ತಿತ್ತು. ಟಿಲ್ಲಿಗೆ ಮಾತ್ರ ಹಸಿವೇ ಇರಲಿಲ್ಲ.

"...ಆಮೋಸ್ ಫ್ರೀಲಂಡ್," ಎಂದಿತು ರೇಡಿಯೊ. ಅವು ಹೋಗುವವರ ಹೆಸರುಗಳು.

ಟಿಲ್ಲಿ ಅತ್ತುಬಿಟ್ಟಳು. "ನಾನು ಹಾಗಂದಿದ್ದಕ್ಕೇ ತೆಗೆದ್ರಾ, ಅಜ್ಜಿ?"

"ಅಯ್ಯೋ ಮಂಕೇ, ಹತ್ತು ವರ್ಷದ ಹುಡುಗಿ ಮಾತು ಕೇಳಿ ಅವರು ಟೀಮ್ ಕಟ್ತಾರೇನೇ?" ಅಜ್ಜಿ ಏಪ್ರನ್ನಿನಿಂದ ಅವಳ ಮುಖ ಒರೆಸಿದಳು. ಆಮೇಲೆ ಫೋನ್ ಎತ್ತಿಕೊಂಡಳು. ಮೋಟೆಲಿನಲ್ಲಿ ಕೆಲಸ ಮಾಡುವ ಡೋರಿಸ್ ಅಜ್ಜಿಯ ಗೆಳತಿ. "ಡೋರಿಸ್, ಆ ಹುಡುಗ ಹೊರಟನಾ? ಇಲ್ವಾ? ಹಿಡಿದು ಕೂರಿಸು. ಬಂದೆ."

ಅವರಿಬ್ಬರು ಮೋಟೆಲ್ ತಲುಪಿದಾಗ ಆಮೋಸ್ ಕಾರಿನ ಡಿಕ್ಕಿಗೆ ಬ್ಯಾಗು ಹಾಕುತ್ತಿದ್ದ. ಅಜ್ಜಿ ಪಾತ್ರೆಯನ್ನು ಕಾರಿನ ಬಾನೆಟ್ ಮೇಲೆ ಇಟ್ಟಳು.

"ಮಿಸ್ಸಿಸ್ಸಿಪ್ಪಿ ಹತ್ತಿರ ಇಲ್ಲ ಕಣಪ್ಪ. ಉಂಡು ಹೋಗು."

"ಬೇಡಮ್ಮಾ, ಹಸಿವಿಲ್ಲ."

"ನಿನ್ನನ್ನ ಯಾರು ಕೇಳಿದ್ರು? ಹಿಡಿ."

ಅವನು ಒಂದು ಬಟ್ಟಲು ಉಂಡ. ಸುಮ್ಮನೆ ಬಟ್ಟಲು ಮುಂದೆ ಚಾಚಿದ. ಅಜ್ಜಿ ಮತ್ತೆ ತುಂಬಿದಳು. "ಈ ಸಲ ಹದಿನೇಳಕ್ಕೆ ಹದಿನೇಳು ಗೆಲ್ತೀವಿ, ನೋಡ್ತಿರು," ಎಂದಳು. ಆಮೋಸ್ ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡೇ ಮುಗುಳ್ನಕ್ಕ. ಆಗ ಟಿಲ್ಲಿಗೆ, ಅಜ್ಜಿ ಇಷ್ಟು ವರ್ಷ ಹಾಗೆ ಹೇಳುತ್ತಿದ್ದದ್ದು ಲೆಕ್ಕ ಗೊತ್ತಿಲ್ಲದೆ ಅಲ್ಲ ಎನ್ನಿಸಿತು.

ಆಮೋಸ್ ಅವಳ ಕಡೆ ತಿರುಗಿದ. "ನೀನೇನಂತೀಯ? ಇನ್ನೂ ಐದೇನಾ?"

ಹದಿನೇಳು ಎನ್ನಲು ಟಿಲ್ಲಿಗೆ ನಾಲಿಗೆ ಏಳಲಿಲ್ಲ. ಅವಳು ಬೇಲಿಯಾಚೆ ಕಂಡ ಆ ಕಾಲನ್ನು ನೆನೆದಳು, ಆ ಧಡ್ ಎಂಬ ಸದ್ದನ್ನು ನೆನೆದಳು.

"ಇಲ್ಲ," ಎಂದಳು. "ನೀವಿಲ್ಲ ಅಂದ್ರೆ ನಾಲ್ಕು."

ಆಮೋಸ್ ಅವಳನ್ನೇ ನೋಡಿದ. ಆಮೇಲೆ ನಗತೊಡಗಿದ. ಎಷ್ಟು ನಕ್ಕನೆಂದರೆ ಬಟ್ಟಲನ್ನು ಕೆಳಗಿಟ್ಟು ಕಣ್ಣು ಒರೆಸಿಕೊಳ್ಳಬೇಕಾಯಿತು.

"ಇದನ್ನ ನಮ್ಮಮ್ಮನಿಗೆ ಹೇಳ್ತೀನಿ," ಎಂದ.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಟಿಲ್ಲಿ ಕೈ ಬೀಸುತ್ತಲೇ ಇದ್ದಳು. ನಾಲ್ಕೋ ಐದೋ ಅವಳಿಗೆ ಖಚಿತವಿರಲಿಲ್ಲ. ತನ್ನ ಲೆಕ್ಕ ತಪ್ಪಾಗಲಿ ಎಂದು ಅವಳು ಬಯಸಿದ್ದು ಅದೇ ಮೊದಲು.