ಒಂಬತ್ತು ಗಂಟೆಯ ಫೋನು

"ಸಾರ್, ಇವತ್ತೂ ಕನೆಕ್ಟ್ ಆಗ್ತಿಲ್ರೀ."

ಬೆಳಿಗ್ಗೆ ಒಂಬತ್ತಕ್ಕೆ ಸೂಳೆಕೆರೆಯಿಂದ ಹೇಮಾವತಿಯ ಫೋನು. ಕೆರೆಯ ನೀರಿನ ಮಟ್ಟ ನೋಡಿ ಕಂಪ್ಯೂಟರಿನಲ್ಲಿ ಕಳಿಸುವುದು ಅವಳ ಕೆಲಸ. ಚನ್ನಗಿರಿಯ ಕಚೇರಿಯಲ್ಲಿ ಕೂತು ಅದು ಸರಿಯಾಗಿ ಬಂದು ಸೇರುವಂತೆ ನೋಡಿಕೊಳ್ಳುವುದು ರುದ್ರಮುನಿಯದು.

"ತಾರೀಕು ಏನು ತೋರಿಸ್ತೈತೆ?"

"ಮತ್ತೆ ಅದೇ. ಎರಡು ಸಾವಿರದ ಹತ್ತೊಂಬತ್ತು, ಜನವರಿ ಒಂದು."

"ನಿಮ್ಮ ಕಂಪ್ಯೂಟರು ಆ ವರ್ಷದಾಗೇ ಕುಂತೈತೆ. ನಮ್ಮ ಸರ್ವರಿನ ಗುರುತಿನ ಪತ್ರ ಈ ವರ್ಷದ್ದು. ಇನ್ನೂ ಹುಟ್ಟದೇ ಇರೋರ ಪತ್ರ ಹೆಂಗೆ ನಂಬ್ತೈತ್ರೀ? ಮಾತೇ ಆಡಲ್ಲ ಅಂತೈತೆ."

"ಭಾರಿ ಅನುಮಾನದ ಗಿರಾಕಿ ಇದು," ಅವಳು ನಕ್ಕಳು.

ತಾರೀಕು ತಿದ್ದಿ ಗುಂಡಿ ಒತ್ತಿದ ಮೇಲೆ ಹನ್ನೊಂದು ಸೆಕೆಂಡು. ಎರಡು ಯಂತ್ರಗಳು ಗುರುತು ಹಿಡಿದು, ತಮಗಷ್ಟೇ ತಿಳಿದ ಒಂದು ಕೀಲಿ ಗೊತ್ತುಮಾಡಿಕೊಳ್ಳುವ ಹೊತ್ತು. ಅಷ್ಟೂ ಹೊತ್ತು ಇಬ್ಬರೂ ಸುಮ್ಮನಿರುತ್ತಿದ್ದರು. ಅವಳ ಉಸಿರು, ಅದರ ಹಿಂದೆ ಏರಿಗೆ ಬಡಿಯುವ ನೀರು. ರುದ್ರಮುನಿಯ ದಿನವೆಂದರೆ ಅಷ್ಟೇ.

"ಆಯ್ತು ಸಾರ್."

"ನಿನ್ನ ಒಂಬತ್ತು ಗಂಟೆ ಬಸ್ಸು ಹೋತೇನೋ?" ಪಕ್ಕದ ಮೇಜಿನ ಜಯದೇವಪ್ಪ ಕೆಣಕಿದ.

ರುದ್ರಮುನಿ ಡ್ರಾಯರ್ ಮುಚ್ಚಿದ. ಅದರೊಳಗೆ ನಾಣ್ಯದಷ್ಟು ಅಗಲದ ಬ್ಯಾಟರಿ ಎರಡು ತಿಂಗಳಿಂದ ಬಿದ್ದಿತ್ತು. ಅದನ್ನು ಹಾಕಿದರೆ ಅವಳ ಕಂಪ್ಯೂಟರು ರಾತ್ರಿ ಆರಿಸಿದರೂ ತಾರೀಕು ಮರೆಯುವುದಿಲ್ಲ. ಆಮೇಲೆ ಅವಳು ಯಾಕೆ ಫೋನು ಮಾಡುತ್ತಾಳೆ?

ಅವಳನ್ನು ಕಂಡದ್ದು ಒಮ್ಮೆ, ಹೊನ್ನಾಳಿಯ ತರಬೇತಿಯಲ್ಲಿ. ಅವನು ನೋಡುತ್ತಿದ್ದುದು ಗೊತ್ತಾಗಿ, ನಗು ತಡೆಯಲು ಪೆನ್ನಿನ ಮುಚ್ಚಳ ಕಚ್ಚಿದ್ದಳು.

ಒಂದು ದಿನ ಕೇಳಿದಳು: "ಕನೆಕ್ಟ್ ಆದ ಮ್ಯಾಲೆ ದಾರೀಲಿ ಯಾರೂ ಓದಾಕಾಗಲ್ಲ ಅಂತೀರಲ್ಲ, ಅಂಕಿ ಪಕ್ಕದ ಷರಾ ಕಾಲಮ್ಮೂ ಹಂಗೇನಾ?"

"ಹೂಂರೀ. ಮೇಲಿನ ಆಫೀಸಿಗೂ ಅಂಕಿ ಅಷ್ಟೇ ಹೋಗೋದು. ಷರಾ ನನ್ನ ಹತ್ರಾನೇ ನಿಲ್ತೈತೆ."

ಮರುದಿನವೂ ಷರಾ ಖಾಲಿಯೇ ಇತ್ತು.

ಒಂದು ಸೋಮವಾರ ಫೋನು ಬಂದಾಗ ಹತ್ತು ಗಂಟೆ. ಅವಳ ದನಿ ಒಡೆದಿತ್ತು.

"ತಾರೀಕು ಬದಲಿಸಾಕೆ ಮನಸ್ಸು ಬರಲಿಲ್ಲ ಸಾರ್. ಆ ವರ್ಷ ಸಂಕ್ರಾಂತಿಗೆ ಮುಂಚೆ ನಮ್ಮೋರು ಹೋದ್ರು. ಒಂದನೇ ತಾರೀಕು ಇನ್ನೂ ಇದ್ರು. ಇದು ದಿನಾ ಅವರಿರೋ ದಿನಕ್ಕೇ ಕರ್ಕೊಂಡು ಹೋಗ್ತೈತೆ. ಅದನ್ನ ಅಳಿಸೋಳು ನಾನೇ."

ರುದ್ರಮುನಿ ಡ್ರಾಯರ್ ಎಳೆದ. ತಾನು ಬಚ್ಚಿಟ್ಟುಕೊಂಡ ಸುಖಕ್ಕೆ ಅವಳು ದಿನವೂ ವಿಧವೆಯಾಗುತ್ತಿದ್ದಳು. ಬ್ಯಾಟರಿ ಜೇಬಿಗೆ ಹಾಕಿಕೊಂಡು ಬೈಕು ಹತ್ತಿದ.

ಕೆರೆಯ ತೂಬಿನ ಪಕ್ಕದ ಕೋಣೆಯಲ್ಲಿ ಅವನು ಕಂಪ್ಯೂಟರಿನ ಡಬ್ಬ ಬಿಚ್ಚಿದಾಗ, ಅವಳು ಮೊಬೈಲಿನ ಟಾರ್ಚ್ ಹಿಡಿದು ನಿಂತಳು.

"ಎಷ್ಟು ದಿನದಿಂದ ಇತ್ತು ಇದು ನಿಮ್ಮ ಹತ್ರ?"

"ಎರಡು ತಿಂಗಳು."

"ಯಾಕೆ ತರಲಿಲ್ಲ?"

"ಫೋನ್ ಮಾಡೋದು ಬಿಡ್ತೀರಿ ಅಂತ."

ಅವಳು ಕಿಟಕಿಯಾಚೆಯ ನೀರಿನತ್ತ ನೋಡಿದಳು.

"ಕೆಟ್ಟೋರು ರೀ ನೀವು." ಆಮೇಲೆ ಅವನ ಕಡೆ ತಿರುಗಿ, "ಬ್ಯಾಟರಿ ಹೋಗೈತೆ ಅಂತ ಮೊದಲ ವಾರಾನೇ ನಂಗೂ ಗೊತ್ತಾಗಿತ್ತು. ಅವರನ್ನ ಬಿಡಾಕಾಗಲಿಲ್ಲ. ಬರ್ತಾ ಬರ್ತಾ ನಿಮ್ಮನ್ನೂ."

ಟಾರ್ಚಿನ ಬೆಳಕನ್ನು ಬ್ಯಾಟರಿಯ ಗೂಡಿನ ಮೇಲೆ ಬಿಟ್ಟಳು.

"ಹಾಕ್ರಿ," ಎಂದಳು.

ಮರುದಿನ ಒಂಬತ್ತಾಯಿತು. ಫೋನು ಬರಲಿಲ್ಲ. ಜಯದೇವಪ್ಪ ಅವನ ಮುಖ ನೋಡಿ ತನ್ನ ಕಡತಕ್ಕೆ ತಿರುಗಿದ. ಒಂಬತ್ತೂ ಹತ್ತಕ್ಕೆ ನೀರಿನ ಮಟ್ಟ ಬಂತು. ಪಕ್ಕದ ಷರಾ ಕಾಲಮ್ಮಿನಲ್ಲಿ ಅಕ್ಷರಗಳಿದ್ದವು:

"ತಾರೀಕು ತಾನಾಗೇ ಇವತ್ತಿನದು ಬಂತು. ಸ್ವಲ್ಪ ಹೊತ್ತು ಅಳು ಬಂತು. ನಾಳೆಯಿಂದ ಒಂಬತ್ತಕ್ಕೆ ನೀವೇ ಫೋನ್ ಮಾಡ್ರಿ."

ನಾಳೆಯವರೆಗೆ ಕಾಯಲು ರುದ್ರಮುನಿಯಿಂದ ಆಗಲಿಲ್ಲ. ಆಗಲೇ ಫೋನು ಮಾಡಿದ. ಆ ಕಡೆ ಅವಳು ಫೋನು ಎತ್ತಿದಳು, ಹಲೋ ಅನ್ನಲಿಲ್ಲ. ಏರಿಗೆ ನೀರು ಬಡಿಯುತ್ತಿತ್ತು. ಹನ್ನೊಂದು ಸೆಕೆಂಡು ಕಳೆಯಿತು. ಇಬ್ಬರೂ ಫೋನು ಇಡಲಿಲ್ಲ.