ಅಂಗೈಗೆ ಕೇಳುವ ಎಂಜಿನ್

ಅವನು ಮೋಸ ಮಾಡುತ್ತಿದ್ದಾನೆ ಅನ್ನುವ ಅನುಮಾನ ಅವಳಿಗೆ ಬಂದದ್ದು, ಅವನು ಒಂದೂ ತಪ್ಪು ಮಾಡದಿದ್ದಾಗ.

ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಹೊರಗಿನ ಸದ್ದು ನುಸುಳದಂತೆ ಕಟ್ಟಿದ ಸಣ್ಣದೊಂದು ಕೋಣೆ. ಗಾಜಿನ ಆ ಕಡೆ ಪರೀಕ್ಷೆಗೆ ಬಂದವರು ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಈ ಕಡೆ ಅವಳು ಯಂತ್ರದಿಂದ ಒಂದೊಂದೇ ಸ್ವರ ಬಿಡಬೇಕು. ಕೇಳಿಸಿದರೆ ಅವರು ಕೈಯಲ್ಲಿರುವ ಗುಂಡಿ ಒತ್ತಬೇಕು. ಆ ದಿನ ಬಂದವನು ಟ್ಯಾಕ್ಸಿ ಓಡಿಸುತ್ತಾನಂತೆ, ಲೈಸೆನ್ಸ್ ನವೀಕರಣಕ್ಕೆ ಕಿವಿಯ ಸರ್ಟಿಫಿಕೇಟ್ ಬೇಕಂತೆ. ಇರುವೆ ನಡೆದಷ್ಟು ಸಣ್ಣ ಸದ್ದಿಗೂ ಟಕ್ಕನೆ ಗುಂಡಿ ಒತ್ತುತ್ತಿದ್ದ. ಕಣ್ಣು ಮಾತ್ರ ಅವಳ ಬಲಭುಜದ ಮೇಲೆ ನೆಟ್ಟಿತ್ತು.

ಅವಳು ಸ್ವರ ಬಿಡದೆ ಸುಮ್ಮನೆ ಭುಜ ಅಲ್ಲಾಡಿಸಿದಳು. ಅವನು ಒತ್ತಿದ. ಇನ್ನೊಮ್ಮೆ ಅಲ್ಲಾಡಿಸಿದಳು. ಮತ್ತೆ ಒತ್ತಿದ. ಮೂಗು ತುರಿಸಿಕೊಂಡಳು. ಅದಕ್ಕೂ ಒತ್ತಿದ.

ಬಾಗಿಲು ತೆಗೆದು ಒಳಗೆ ಹೋದಳು. "ಬಹಳ ಚುರುಕು ಕಿವಿ ನಿಮ್ಮದು. ನಾನು ಮೂಗು ತುರಿಸಿದ್ದೂ ಕೇಳಿಸ್ತಲ್ಲ!"

ಅವನು ಹೆಡ್‌ಫೋನ್ ಕಳಚಿದ. ನಲವತ್ತರ ಹತ್ತಿರದ ಮುಖ. ನಗು ತುಟಿಗೆ ಬರುವ ಮೊದಲೇ ಕಣ್ಣು ಸಣ್ಣದಾಗುತ್ತಿತ್ತು. "ಕಿವಿ ಕೈಕೊಟ್ಟ ಮೇಲೆ ಕಣ್ಣು ಓವರ್‌ಟೈಮ್ ಮಾಡ್ತಿದೆ ಮೇಡಂ. ಪಾಪ, ಅದನ್ನ ಬೈಬೇಡಿ."

ಬೈಯಬೇಕೆಂದೇ ಹೋದವಳಿಗೆ ನಗು ಬಂದುಬಿಟ್ಟಿತು.

ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಮತ್ತೆ ಪರೀಕ್ಷೆ ಮಾಡಿದಳು. ಕಿವಿಯ ಮಷೀನು ಹಾಕಿಕೊಂಡರೆ ಸದ್ಯಕ್ಕೆ ಗಾಡಿ ಓಡಿಸಬಹುದಿತ್ತು. "ಆದರೆ ಕಿವಿ ಇಳೀತಾ ಇದೆ. ಇನ್ನೊಂದಾರು ತಿಂಗಳಾದ ಮೇಲೆ ಮತ್ತೆ ಬರಬೇಕು," ಅಂದಳು.

ಅವನು ಆರು ತಿಂಗಳು ಕಾಯಲಿಲ್ಲ. ಮಷೀನು ಗುಂಯ್ ಅನ್ನುತ್ತದೆ ಅಂತ ಒಮ್ಮೆ ಬಂದ. ಕಿವಿಯ ಹಿಂದೆ ಒತ್ತುತ್ತದೆ ಅಂತ ಇನ್ನೊಮ್ಮೆ. ಆಮೇಲೆ ನೆಪ ಹುಡುಕುವ ಗೊಡವೆಗೂ ಹೋಗದೆ, ಟೀ ಹೊತ್ತಿಗೆ ಸರಿಯಾಗಿ ಬರತೊಡಗಿದ. ಅವನಿಗಿಂತ ಮೊದಲು ಅವನ ಕಾರಿನ ಗಡಗಡ ಸದ್ದು ಗೇಟು ದಾಟಿ ಬರುತ್ತಿತ್ತು. ವಿಭಾಗದ ಹಿರಿಯ ನರ್ಸಕ್ಕ ಅವನಿಗೆ 'ಡೀಸೆಲಣ್ಣ' ಅಂತ ಹೆಸರಿಟ್ಟರು. "ನಿಮ್ಮ ಡೀಸೆಲಣ್ಣ ಬಂದ ನೋಡಿ," ಅನ್ನುವಾಗ 'ನಿಮ್ಮ' ಅನ್ನುವ ಮಾತನ್ನು ಬೇಕೆಂದೇ ಎಳೆಯುತ್ತಿದ್ದರು.

ಪಾರ್ಕಿಂಗಿನಲ್ಲಿ ಅವಳ ಪುಟ್ಟ ಪೆಟ್ರೋಲ್ ಕಾರು, ಪಕ್ಕದಲ್ಲೇ ಅವನದು. ನಡುವೆ ಪೇಪರ್ ಕಪ್ಪು ಹಿಡಿದು ನಿಂತ ಇಬ್ಬರು.

"ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗಿರುತ್ತೆ ನಿಮ್ಮ ಗಾಡಿ. ಏನು ಕಂಡು ಮರುಳಾದಿರಿ ಇದಕ್ಕೆ?"

"ಮೈಲೇಜು. ಆಮೇಲೆ ಎಳೆಯೋ ಶಕ್ತಿ. ಜನ, ಲಗೇಜು ತುಂಬಿಕೊಂಡು ದಿನಾ ಗುಡ್ಡ ಹತ್ತೋನು ನಾನು. ಏರು ಬಂದರೆ ನಿಮ್ಮದು ಕಿರುಚಿಕೊಳ್ಳುತ್ತೆ. ನಂದು ತಲೆ ತಗ್ಗಿಸಿ ಎತ್ತಿನ ಹಾಗೆ ಎಳೆಯುತ್ತೆ."

"ಹೊಗೆ?"

"ಅದು ತಪ್ಪೇ."

"ಸರ್ವಿಸ್ ಬಿಲ್ಲು?"

"ಅದನ್ನ ಕೇಳಬೇಡಿ, ಅಳು ಬರುತ್ತೆ."

"ನಾನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಓಡಿಸೋಳು. ನನಗೆ ಪೆಟ್ರೋಲೇ ಸರಿ."

"ಸರಿ. ಅಷ್ಟು ದೂರಕ್ಕೆ ಡೀಸೆಲ್ ಎಂಜಿನ್ ಬಿಸೀನೂ ಆಗಲ್ಲ." ಅವನು ಟೀ ಕುಡಿದು, ಕಪ್ಪಿನ ಅಂಚಿನ ಮೇಲಿಂದ ನೋಡಿದ. "ಆದರೆ ನಿಮ್ಮನ್ನ ನೋಡಿದರೆ ದೂರ ಹೋಗೋ ಹೆಂಗಸಿನ ಹಾಗೆ ಕಾಣ್ತೀರ."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಮಾತು ತಿಳಿಯಲಿಕ್ಕೆ ಅಂತ ಅವಳಿಗೆ ಗೊತ್ತು. ಕಿವಿ ಕೇಳದವರೆಲ್ಲ ಹಾಗೇ ನೋಡುತ್ತಾರೆ, ಬೆಳಗಿಂದ ಸಂಜೆವರೆಗೆ. ಯಾರೆದುರೂ ಅವಳ ಕೆನ್ನೆ ಬಿಸಿಯಾಗಿದ್ದಿಲ್ಲ. ಮೂವತ್ತೈದು ದಾಟಿ, ಮನೆಯಲ್ಲಿ ಮದುವೆಯ ಮಾತು ತಾನಾಗಿ ನಿಂತುಹೋಗಿದ್ದ ಹೆಣ್ಣು. ಮರುದಿನ ಅವಳು ಲಿಪ್‌ಸ್ಟಿಕ್ ಹಚ್ಚುವುದನ್ನು ಕಂಡು ಅಮ್ಮ, "ಕಿವುಡರಿಗೆ ಟೆಸ್ಟ್ ಮಾಡೋಕೆ ಇಷ್ಟು ಅಲಂಕಾರವಾ?" ಅಂದರು. ಅವಳು ಉತ್ತರ ಕೊಡದೆ ಕಾರಿನ ಕೀಲಿ ಹುಡುಕಿದಳು. ಕೀಲಿ ಕೈಯಲ್ಲೇ ಇತ್ತು.

ಗುಡ್ಡದ ಮೇಲಿನ ಊರಿನಲ್ಲಿ ವಿಭಾಗದ ಕ್ಯಾಂಪು ಬಂತು. ಹೋಗಲಿಕ್ಕೆ ಅವನ ಕಾರನ್ನೇ ಗೊತ್ತು ಮಾಡಿದವರು ನರ್ಸಕ್ಕ. ಹಿಂದಿನ ಸೀಟಿನಲ್ಲಿ ಕೂತು, ಊರು ದಾಟುವ ಮೊದಲೇ ನಿದ್ದೆ ಹೋದವರೂ ಅವರೇ. ಆ ನಿದ್ದೆ ನಿಜವೋ ಉಪಕಾರವೋ ಯಾರಿಗೂ ಗೊತ್ತಾಗಲಿಲ್ಲ.

ಏರು ಶುರುವಾದ ಮೇಲೆ ಅವನು ತಾನಾಗಿ ಹೇಳಿದ. "ಮೈಲೇಜು ಅಂತ ಎಲ್ಲರಿಗೂ ಹೇಳ್ತೀನಿ. ಸುಳ್ಳಲ್ಲ. ಆದರೆ ನಾನು ಡೀಸೆಲ್ ತಗೊಂಡಿದ್ದು ಅದಕ್ಕಲ್ಲ. ಮೊದಲು ನಂದೂ ಪೆಟ್ರೋಲ್ ಕಾರೇ. ಒಂದಿನ ಸಿಗ್ನಲ್‌ನಲ್ಲಿ ಎಂಜಿನ್ ನಿಂತಿದೆ ಅಂದ್ಕೊಂಡು ಕೀಲಿ ತಿರುವಿದೆ. ಅದು ಆನ್ ಆಗೇ ಇತ್ತು. ಕರಕರ ಅಂತಂತೆ. ಹಿಂದೆ ಕೂತವರು ನಕ್ಕರು. ನನಗೆ ಆ ಕರಕರಾನೂ ಕೇಳಿಸಲಿಲ್ಲ."

ಅವಳು ಅವನ ಕಡೆ ತಿರುಗಿ ಕೂತಳು.

"ಡೀಸೆಲ್ ಹಾಗಲ್ಲ. ಬದುಕಿದೆಯೋ ಇಲ್ಲವೋ ಅಂತ ಸೀಟೇ ಹೇಳುತ್ತೆ. ಕೈ ಕೊಡಿ ಇಲ್ಲಿ."

ಗೇರಿನ ಗುಬಟಿನ ಮೇಲೆ ಅವಳ ಅಂಗೈ ಇಡಿಸಿ, ಮೇಲೆ ತನ್ನ ಕೈ ಇಟ್ಟ. ಒಳಗಿನಿಂದ ಸಣ್ಣ ನಡುಕವೊಂದು ಅವಳ ಮಣಿಕಟ್ಟಿನವರೆಗೆ ಏರಿತು. ರಸ್ತೆ ಕಡಿದಾಗುತ್ತಿದ್ದಂತೆ ನಡುಕ ದಪ್ಪಗಾಗಿ, ನಿಧಾನವಾಗಿ, ಬಿಕ್ಕತೊಡಗಿತು.

"ಈಗ ಕೆಳಗಿನ ಗೇರು ಕೇಳ್ತಾ ಇದೆ. ಗೊತ್ತಾಯ್ತಾ?" ಅವಳ ಕೈ ಸಮೇತ ಗೇರು ಎಳೆದ. ನಡುಕ ಸಲೀಸಾಯಿತು. "ನೋಡಿ, ಸಮಾಧಾನ ಆಯ್ತು ಅದಕ್ಕೆ."

ಅವಳಿಗೆ ಸಮಾಧಾನ ಆಗಲಿಲ್ಲ. ಗುಡ್ಡದ ತುದಿಯವರೆಗೂ ಇಬ್ಬರೂ ಕೈ ತೆಗೆಯಲಿಲ್ಲ.

ಇಳಿಯುವಾಗ ಹಿಂದಿನಿಂದ ಸೈರನ್ ಕೇಳಿಸಿತು. ಮೊದಲು ದೂರದಲ್ಲಿ, ಆಮೇಲೆ ಬೆನ್ನಿಗೇ. ಅವನು ಏನೋ ತಮಾಷೆ ಹೇಳುತ್ತಾ ನಡುರಸ್ತೆಯಲ್ಲೇ ಹೋಗುತ್ತಿದ್ದ. ಪಕ್ಕಕ್ಕೆ ಸರಿಯುತ್ತಾನೆ ಅಂತ ಅವಳು ಒಂದು ತಿರುವಿನ ತನಕ ಕಾದಳು. ಸರಿಯಲಿಲ್ಲ.

"ಆಂಬುಲೆನ್ಸ್! ಹಿಂದೆ ಆಂಬುಲೆನ್ಸ್!"

ಅವಳು ಅವನ ತೋಳು ಹಿಡಿದು ಜಗ್ಗಿದಾಗಲೇ ಅವನು ಕನ್ನಡಿ ನೋಡಿದ್ದು. ಆಗ ಸರಿಯಲಿಕ್ಕೆ ಜಾಗವಿರಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮುಂದಿನ ಅಗಲದ ಜಾಗ ಸಿಗುವ ತನಕ ಆ ಸೈರನ್ ಅವರ ಬೆನ್ನ ಹಿಂದೆ ಬಾಯಿ ಬಡಿದುಕೊಂಡಿತು. ದಾಟಿಹೋಗುವಾಗ ಅದರ ಡ್ರೈವರ್ ಕಿಟಕಿಯಿಂದ ಕೈ ಬೀಸಿ ಬೈದ. ಒಳಗೆ ಯಾರೋ ಹೆಂಗಸು ಯಾರದೋ ತಲೆ ಹಿಡಿದುಕೊಂಡು ಕೂತಿದ್ದಳು.

ಕಾರು ನಿಂತಿತು. ಹಿಂದೆ ನರ್ಸಕ್ಕ ಕಣ್ಣು ಬಿಟ್ಟುಕೊಂಡು ಕೂತಿದ್ದರು.

"ಮಷೀನು ಎಲ್ಲಿ?" ಅವಳು ಕೇಳಿದಳು.

ಅವನು ಅಂಗಿಯ ಜೇಬು ಮುಟ್ಟಿಕೊಂಡ. "ಎಂಜಿನ್ ಸದ್ದನ್ನೇ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತೆ. ತಲೆ ಸಿಡಿಯುತ್ತೆ. ಓಡಿಸುವಾಗ ತೆಗೆದಿಡ್ತೀನಿ."

"ಪೆಟ್ರೋಲ್ ಗಾಡಿಯಾದರೆ ಹಾಕ್ಕೊಂಡೇ ಓಡಿಸಬಹುದಲ್ಲ?"

"ಹಾಕ್ಕೊಂಡರೂ ಅರ್ಧಂಬರ್ಧ ಕೇಳುತ್ತೆ. ಕೈಗಂತೂ ಏನೂ ಗೊತ್ತಾಗಲ್ಲ. ಯಾವುದನ್ನ ನಂಬಲಿ ಹೇಳಿ."

ಅವಳು ಆಸ್ಪತ್ರೆಗೆ ಬಂದವಳೇ ತುರ್ತು ವಿಭಾಗಕ್ಕೆ ಓಡಿ ವಿಚಾರಿಸಿದಳು. ಆಂಬುಲೆನ್ಸಿನಲ್ಲಿ ಬಂದ ರೋಗಿ ಬದುಕಿದ್ದ. ಅವಳು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ಬದುಕಿದ ಅನ್ನುವ ಸಂತೋಷಕ್ಕಿಂತ, ಇಲ್ಲದಿದ್ದರೆ ಅನ್ನುವ ಮಾತೇ ದೊಡ್ಡದಾಯಿತು.

ಮರುಪರೀಕ್ಷೆಯ ದಿನ ಅವಳು ಬಾಗಿಲಲ್ಲೇ ಅವನನ್ನು ತಡೆದಳು. "ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ. ನನ್ನ ಕೈಲಾಗಲ್ಲ."

"ಬೇಡ. ನೀವೇ ಮಾಡಿ. ಈ ಸಲ ಭುಜ ನೋಡಲ್ಲ, ಆಣೆ."

ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ ಕೂತ. ಅವಳು ಮೊದಲ ಸ್ವರ ಬಿಟ್ಟಳು. ಬೆರಳು ಅಲ್ಲಾಡಲಿಲ್ಲ. ಸದ್ದು ಏರಿಸಿದಳು. ಇಲ್ಲ. ಮತ್ತೆ ಏರಿಸಿದಳು. ಒತ್ತಿ, ದಮ್ಮಯ್ಯ, ಒಂದು ಸಲ ಒತ್ತಿ ಅಂತ ಒಳಗೊಳಗೇ ಬೇಡಿಕೊಂಡಳು. ಅವನ ಹೆಬ್ಬೆರಳು ಗುಂಡಿಯ ಮೇಲೆ ಸಿದ್ಧವಾಗಿ ಕಾಯುತ್ತಿತ್ತು, ಯಾರೋ ಕರೆಯುತ್ತಾರೆ ಅಂತ ಹೊಸ್ತಿಲಲ್ಲಿ ನಿಂತ ಮಗುವಿನ ಹಾಗೆ. ಗಾಜಿನ ಈ ಕಡೆ ಕೂತವಳಿಗೂ ಹೆಡ್‌ಫೋನಿನ ಸಂದಿಯಿಂದ ಸ್ವರ ಕೇಳಿಸುವಷ್ಟು ಏರಿಸಿದ ಮೇಲೆ, ಅವನು ಒಮ್ಮೆ ಮೆಲ್ಲಗೆ ಒತ್ತಿದ.

ಮಷೀನು ಹಾಕಿದರೂ ಪ್ರಯಾಣಿಕರ ಗಾಡಿ ಓಡಿಸಲು ಯೋಗ್ಯನಲ್ಲ ಅಂತ ಬರೆದು ಸಹಿ ಹಾಕಿದಳು. ಅವನು ಕಾಗದ ಓದಿ, ಮಡಚಿ, "ಅಕ್ಷರ ಚೆನ್ನಾಗಿದೆ ನಿಮ್ಮದು," ಅಂದು ಎದ್ದುಹೋದ. ಪಾರ್ಕಿಂಗಿನಿಂದ ಗಡಗಡ ಸದ್ದು ಹೊರಟು ಗೇಟು ದಾಟಿ, ಊರಿನ ಗದ್ದಲದಲ್ಲಿ ಸೇರಿಹೋಯಿತು. ಆಮೇಲೆ ಅದು ಬರಲಿಲ್ಲ. ಟೀ ಹೊತ್ತಿಗೆ ನರ್ಸಕ್ಕ ತಾವೇ ಅವಳಿಗೊಂದು ಕಪ್ಪು ತಂದಿಟ್ಟು ಹೋಗುತ್ತಿದ್ದರು.

ಕಾರು ಮಾರಿದ ಅಂತ ಸುದ್ದಿ ಬಂತು. ಅದಾದ ಕೆಲವು ವಾರಕ್ಕೆ ಅವನೇ ಬಂದ, ಬಸ್ಸಿನಲ್ಲಿ, ಹೆಗಲಿಗೆ ಬ್ಯಾಗು. ದೂರದ ಬಂದರಿನಲ್ಲಿದ್ದ ಅವನ ಅಕ್ಕ ಕರೆದಿದ್ದಳು. ಭಾವನ ಐಸ್ ಫ್ಯಾಕ್ಟರಿಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ.

"ಅದೂ ಡೀಸೆಲ್ಲೇ," ಅಂದ. ನಗಲಿಕ್ಕೆ ನೋಡಿದ.

ಸ್ಟೇಷನ್‌ಗೆ ನಾನೇ ಬಿಡುತ್ತೇನೆ ಅಂದಳು. ಅವಳ ಕಾರಿನಲ್ಲಿ ಅವನು ಕೂತದ್ದು ಅದೇ ಮೊದಲು. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ, ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ಕೇಳಿದ: "ಸ್ಟಾರ್ಟ್ ಆಗಿದೆಯಾ?"

ಅವಳು ಹೌದು ಅಂತ ತಲೆಯಾಡಿಸಿದಳು. ಕಣ್ಣು ಮಂಜಾಗಿ ರಸ್ತೆ ಕಾಣಲಿಲ್ಲ. ಹೊರಟ ಗಾಡಿಯನ್ನು ಮತ್ತೆ ಬದಿಗೆ ನಿಲ್ಲಿಸಿ, ಅವನ ಕಡೆ ಪೂರ್ತಿ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ನನಗೆ ನೀವು ಬೇಕು."

ಅವನು ಅವಳ ತುಟಿ ನೋಡುತ್ತಿದ್ದ. "ಏನಂದಿರಿ?"

"ನೀವು ಬೇಕು ಅಂದೆ."

"ತಿಳೀಲಿಲ್ಲ. ಇನ್ನೊಂದ್ಸಲ."

ಮೂರನೆಯ ಸಲ ಹೇಳಲು ಹೊರಟವಳಿಗೆ ಅವನ ಕಣ್ಣು ಸಣ್ಣದಾಗಿದ್ದು ಕಂಡಿತು. ಮೊದಲ ಸಲವೇ ತಿಳಿದಿತ್ತು ಅವನಿಗೆ. ಅವಳು ಅವನ ಭುಜಕ್ಕೆ ಗುದ್ದಿದಳು. ಆ ಕೈಯನ್ನು ಹಿಡಿದುಕೊಂಡೇ ಅವನು ಹೇಳಿದ:

"ನನಗೂ ಬೇಕು. ಆದರೆ ಒಂದು ಮಾತು. ನೀವು ಮಾಡಿದ್ದು ಸರಿ. ಸರಿ ಅಂತ ಗೊತ್ತು. ಆದರೂ ಬೆಳಿಗ್ಗೆ ಎದ್ದು ಕಾರಿಲ್ಲದ ಅಂಗಳ ನೋಡಿದಾಗ ನಿಮ್ಮ ಮೇಲೆ ಸಿಟ್ಟು ಹೊತ್ತಿ ಉರಿಯುತ್ತೆ. ಇಂಥ ಉರಿ ಇಟ್ಕೊಂಡು ನಿಮ್ಮ ಜೊತೆ ಬಾಳೋಕಾಗಲ್ಲ. ಅದು ಆರುತ್ತೋ ಇಲ್ಲವೋ, ಗೊತ್ತಿಲ್ಲ. ಆರೋ ತನಕ ನೀವಾಗಿ ಮೆಸೇಜ್ ಹಾಕಬೇಡಿ. ಹಾಕಿದರೆ ನಾನು ಓಡಿ ಬಂದುಬಿಡ್ತೀನಿ. ಬಂದು ನಿಮ್ಮನ್ನ ನೋಯಿಸ್ತೀನಿ."

ಅವಳು ವಾದಿಸಲಿಲ್ಲ. ವಾದಿಸಿದರೆ ಗೆಲ್ಲುತ್ತಿದ್ದಳೇನೋ. ಗೆದ್ದು ಪಡೆಯುವ ವಸ್ತುವಲ್ಲ ಅದು.

ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಬದಲಾಗಿದೆ ಅಂತ ಮೈಕಿನಲ್ಲಿ ಕೂಗಿದರು. ಅವನು ಬೆಂಚಿನ ಮೇಲೆ ಆರಾಮವಾಗಿ ಕೂತಿದ್ದ. ಅವಳು ಅವನ ಬ್ಯಾಗು ಎತ್ತಿಕೊಂಡು, ಕೈ ಹಿಡಿದು, ಮೆಟ್ಟಿಲು ಹತ್ತಿಸಿ ಇಳಿಸಿ, ರೈಲು ಅಲುಗುವ ಹೊತ್ತಿಗೆ ಹತ್ತಿಸಿದಳು. ನಾಳೆಯಿಂದ ಇವನಿಗೆ ಇದನ್ನೆಲ್ಲ ಹೇಳುವವರು ಯಾರು ಅಂತ ಅನ್ನಿಸಿತು.

ಎಸಿ ಬೋಗಿ. ತೆಗೆಯಲಾಗದ ದಪ್ಪ ಗಾಜಿನ ಕಿಟಕಿ. ಅವನು ಒಳಗಿನಿಂದ ಹಣೆ ಒತ್ತಿ ನಿಂತ. ರೈಲಿನ ಜೊತೆ ನಡೆಯುತ್ತಾ ಅವಳು ತುಟಿ ಬಿಡಿಸಿ ಕೇಳಿದಳು: "ಇನ್ನು ಮುಂದೆ ಏನು ಮಾಡ್ತೀರ?"

ಅವನಿಗೆ ತಿಳಿಯಿತು. ಅವನೂ ತುಟಿ ಬಿಡಿಸಿ ಹೇಳಿದ, ಒಂದೇ ಮಾತು. ಗಾಜಿನಾಚೆಯಿಂದ ಅವಳಿಗೆ ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಅಂತ ಕೈಸನ್ನೆ ಮಾಡಿದಳು. ಅವನು ಇನ್ನೊಮ್ಮೆ ಹೇಳಿದ. ರೈಲು ವೇಗ ಹಿಡಿದು ಅವನ ಮುಖವನ್ನು ಎಳೆದುಕೊಂಡು ಹೋಯಿತು.

ಬರೀತೀನಿ ಅಂದನೋ? ಮರೀತೀನಿ ಅಂದನೋ?

ಬ ಮತ್ತು ಮ ತುಟಿಯ ಮೇಲೆ ಒಂದೇ. ತುಟಿ ಮುಚ್ಚಿ ತೆರೆದರೆ ಮುಗಿಯಿತು, ವ್ಯತ್ಯಾಸವೆಲ್ಲ ಕಿವಿಗೆ ಮಾತ್ರ. ಕಿವಿ ಕೇಳದವರಿಗೆ ಎಷ್ಟೋ ಸಲ ಅವಳೇ ಹೇಳಿಕೊಟ್ಟ ಪಾಠ.

ತಿಂಗಳುಗಳು ಕಳೆದವು. ಮೆಸೇಜು ಬರಲಿಲ್ಲ. ಅವನು ಕೇಳಿಕೊಂಡಂತೆ ಅವಳೂ ಹಾಕಲಿಲ್ಲ. ಬಂದರಿನಲ್ಲಿ ಅವನು ಚೆನ್ನಾಗಿದ್ದಾನೆ ಅಂತ ಟ್ಯಾಕ್ಸಿಯವರೊಬ್ಬರಿಂದ ನರ್ಸಕ್ಕನಿಗೆ ತಿಳಿದು, ನರ್ಸಕ್ಕನಿಂದ ಅವಳಿಗೆ ತಿಳಿಯಿತು. ಅಷ್ಟೇ. ಕೆಲಸ ಎಂದಿನಂತೆ ನಡೆಯಿತು. ಗಾಜಿನಾಚೆ ಜನ ಬಂದು ಕೂತರು, ಗುಂಡಿ ಒತ್ತಿದರು, ಹೋದರು.

ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಅವಳು ಕನ್ನಡಿಯ ಮುಂದೆ ನಿಂತಳು. "ಬರೀತೀನಿ," ಅಂದಳು, ದನಿಯಿಲ್ಲದೆ. ಆಮೇಲೆ "ಮರೀತೀನಿ." ತುಟಿ ಬಿಟ್ಟು ಕಣ್ಣು ನೋಡಿದಳು, ಎರಡು ಮಾತಿಗೆ ಕಣ್ಣಾದರೂ ಬೇರೆಯಾಗುತ್ತದೆಯೇ ಅಂತ. ಮತ್ತೆ ಹೇಳಿದಳು. ಮತ್ತೆ ನೋಡಿದಳು.

"ಯಾರ ಜೊತೆ ಮಾತಾಡ್ತಿದೀಯೇ?" ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಯಾರೂ ಇಲ್ಲಮ್ಮ," ಅಂದು ಅವಳು ಬಾಚಣಿಗೆ ಕೆಳಗಿಟ್ಟಳು.